ಹಂದಿಯ ಪಕ್ಕೆಲುಬಿನ ಖಾರದ ಅಡುಗೆ: ಮಾಡುವ ಕ್ರಮ ಮತ್ತು ಅದರ ಕಾರಣಗಳು



ಕೊಳೆರೋಗ, ಬೋರ್ಡೋ ದ್ರಾವಣ, ಕಾಯಿಕೊರಕ, ಗೊಬ್ಬರದ ದರ, ಇವುಗಳ ನಡುವೆ ಅಡುಗೆಯ ಲೇಖನವೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ಅಡುಗೆಗೆ ಬೇಕಾದ ಕಾಳುಮೆಣಸು, ಶುಂಠಿ, ಹಸಿಮೆಣಸು, ಕರಿಬೇವು ಮತ್ತು ಹುಳಿ ಇವೆಲ್ಲ ನಮ್ಮ ತೋಟದಲ್ಲಿಯೇ ಬೆಳೆಯುತ್ತವೆ. ಬೆಳೆದ ವಸ್ತುವನ್ನು ಸರಿಯಾಗಿ ಬಳಸಲು ಬಲ್ಲವನಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಎರಡನೆಯದಾಗಿ, ಹಂದಿಮಾಂಸದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ರುಚಿಯ ಜ್ಞಾನ ಬೇಕಾದಷ್ಟಿದೆ. ಆರೋಗ್ಯದ ಜ್ಞಾನ ಅಷ್ಟಿಲ್ಲ. ಅದರಿಂದ ಆಗುವ ತೊಂದರೆ ಮನೆಯ ಮಕ್ಕಳಿಗೂ ಲೈನ್‌ಮನೆಯ ಮಕ್ಕಳಿಗೂ ಒಂದೇ ಸಮನಾಗಿ ತಟ್ಟುತ್ತದೆ.

ನಮ್ಮ ಸದಸ್ಯರಲ್ಲಿ ಮಾಂಸ ಮುಟ್ಟದವರೂ, ಹಂದಿಮಾಂಸ ನಿಷಿದ್ಧವಾದವರೂ ಇದ್ದಾರೆ. ಅವರು ಅಡುಗೆಯ ಭಾಗವನ್ನು ಬಿಟ್ಟು ಹುಳಿಯ ಮರದ ಭಾಗವನ್ನೂ ಶೌಚಾಲಯದ ವಿಷಯವನ್ನೂ ಓದಿಕೊಳ್ಳಬೇಕಾಗಿ ಕೋರುತ್ತೇನೆ. ಅವೆರಡೂ ಎಲ್ಲರಿಗೂ ಸಂಬಂಧಿಸಿದವು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿಕರಿ ಇಲ್ಲದೆ ನಡೆಯುವುದಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಬಾಫಾತ್ ಪುಡಿ ಹಾಕಿ ಮಾಡುತ್ತಾರೆ. ಸಕಲೇಶಪುರ, ಮೂಡಿಗೆರೆಯ ಕಡೆಗೂ ಅವರವರದೇ ಕ್ರಮಗಳಿವೆ. ಇಲ್ಲಿ ಹೇಳುವುದು ಕೊಡಗಿನ ಕ್ರಮವನ್ನು ಅನುಸರಿಸಿ, ಪಕ್ಕೆಲುಬಿಗೆ ಹೊಂದಿಸಿದ ರೀತಿ.

ಪಕ್ಕೆಲುಬನ್ನೇ ಏಕೆ ಆರಿಸಬೇಕು?

ಅಂಗಡಿಯಲ್ಲಿ ಹೆಚ್ಚಿನವರು ತೊಡೆಯ ಮಾಂಸ ಕೇಳುತ್ತಾರೆ. ಮೂಳೆಯಿಲ್ಲ, ನೋಡಲು ತುಂಬಾ ಮಾಂಸ. ಆದರೆ ತೊಡೆಯ ಮಾಂಸವನ್ನು ಒಂದು ಗಂಟೆಗೂ ಮೇಲೆ ಬೇಯಿಸಿದರೆ ನಾರುನಾರಾಗಿ ಒಣಗುತ್ತದೆ. ಪಕ್ಕೆಲುಬಿನದು ಬೇರೆ ಗುಣ. ಅಲ್ಲಿ ಮಾಂಸದ ಎಳೆಗಳ ನಡುವೆ ಕೊಬ್ಬೂ, ಮೂಳೆಯನ್ನು ಅಂಟಿಕೊಂಡ ಬಿಳಿಯ ಗಟ್ಟಿ ಪೊರೆಯೂ ಇರುತ್ತವೆ. ಈ ಪೊರೆಯಲ್ಲಿ ಹೆಚ್ಚಾಗಿ ಇರುವುದು ಕೊಲಾಜೆನ್ ಎಂಬ ಸಸಾರಜನಕ ವಸ್ತು. ಹಸಿಯಾಗಿದ್ದಾಗ ಅದು ಹಗ್ಗದಂತೆ ಬಿಗಿ. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ದಾಟಿದ ಮೇಲೆ, ನೀರಿನ ಅಂಶವಿರುವಲ್ಲಿ ಬಹಳ ಹೊತ್ತು ಇದ್ದರೆ, ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಚೆನ್ನಾಗಿ ಬೆಂದ ಪಕ್ಕೆಯ ಗಸಿ ಕೈಬೆರಳಿಗೆ ಅಂಟುವುದು, ಮರುದಿನ ತಣ್ಣಗೆ ಗಟ್ಟಿಯಾಗಿ ಕೂರುವುದು ಈ ಜೆಲಟಿನ್‌ನಿಂದ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಪಕ್ಕೆ ಮೆತ್ತಗಾಗುವುದು ಉರಿಯ ಜೋರಿನಿಂದಲ್ಲ, ಹೊತ್ತಿನಿಂದ. ನೀರು ಎಷ್ಟೇ ಕೊತಕೊತ ಕುದಿದರೂ ಕುದಿಯುವ ಶಾಖಕ್ಕಿಂತ ಹೆಚ್ಚು ಬಿಸಿಯಾಗದು. ಜೋರು ಉರಿಯಿಂದ ಸೌದೆ ಹೆಚ್ಚು ಉರಿಯುತ್ತದೆ, ತಳ ಸೀಯುತ್ತದೆ, ಮಾಂಸದ ಎಳೆಗಳು ಬಿಗಿದುಕೊಂಡು ರಸ ಬಿಡುತ್ತವೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಕುಳಿತವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಒಂದೇ ಹದದ ಉರಿ ಎಷ್ಟು ಮುಖ್ಯ ಎಂಬುದು ಅವರಿಗೆ ಗೊತ್ತು.

ಇನ್ನೊಂದು ಸಂಗತಿ ಗುಡ್ಡದ ಮೇಲಿನವರಿಗೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನೆಂಟರು ಒಂದು ಗಂಟೆ ಸಾಕೆಂದರೆ ನಮ್ಮಲ್ಲಿ ಒಂದೂಕಾಲು ಗಂಟೆ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಅವರ ಲೆಕ್ಕವೂ ತಪ್ಪಲ್ಲ, ನಮ್ಮ ಒಲೆಯೂ ಕೆಟ್ಟದ್ದಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಮಾಂಸ ನಸುಗೆಂಪಾಗಿರಬೇಕು, ಕೊಬ್ಬು ಬಿಳಿಯಾಗಿ ಗಟ್ಟಿಯಾಗಿರಬೇಕು. ಹಳದಿ ತಿರುಗಿದ ಕೊಬ್ಬು, ಜಾರುವ ಮೇಲ್ಮೈ, ಹುಳಿ ವಾಸನೆ ಇದ್ದರೆ ಬೇಡ. ಮಾಂಸವನ್ನು ಸೀಳಿದಾಗ ಎಳೆಗಳ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ನೀರು ತುಂಬಿದಂತಹ ಬಿಳಿಯ ಗುಳ್ಳೆಗಳು ಕಂಡರೆ ಆ ಮಾಂಸವನ್ನು ಯಾವ ಬೆಲೆಗೂ ತರಬಾರದು. ಅವು ಲಾಡಿಹುಳುವಿನ ಮರಿಗಳು. ಗುಳ್ಳೆ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಆದ್ದರಿಂದ ಕಟ್ಟಿಹಾಕಿ ಸಾಕಿದ, ಕೊಟ್ಟಿಗೆಯಲ್ಲಿ ಶುಚಿಯಾದ ಮೇವು ತಿಂದ ಹಂದಿಯ ಮಾಂಸವನ್ನೇ ಗೊತ್ತಿರುವವರಲ್ಲಿ ಕೊಳ್ಳುವುದು ಲೇಸು. ಊರೆಲ್ಲ ಅಲೆದು ಹೊಲಸು ತಿನ್ನುವ ಹಂದಿ ಅಗ್ಗವಾಗಿ ಸಿಕ್ಕರೂ ಕೊನೆಗೆ ದುಬಾರಿಯೇ.

ಕಾಡುಹಂದಿಯ ಬಗೆಗೆ ಒಂದು ಮಾತು. ಅದು ನಮ್ಮ ಗದ್ದೆ ತೋಟಗಳಿಗೆ ಮಾಡುವ ಹಾನಿ ಎಲ್ಲರಿಗೂ ಗೊತ್ತು. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಅನುಮತಿಯಿಲ್ಲದೆ ಬೇಟೆಯಾಡುವುದೂ, ಅದರ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಬಂದೂಕಿನ ವಿನಾಯಿತಿ ಬಂದೂಕು ಹೊಂದುವುದಕ್ಕೆ ಮಾತ್ರ, ಬೇಟೆಗಲ್ಲ. ಉರುಳು ಕಟ್ಟಿದರಂತೂ ಅದಕ್ಕೆ ಹಂದಿಯೇ ಬೀಳಬೇಕೆಂದೇನೂ ಇಲ್ಲ. ಚಿರತೆ ಬಿದ್ದರೆ ಆ ತೋಟದ ಯಜಮಾನನೇ ಉತ್ತರ ಹೇಳಬೇಕಾಗುತ್ತದೆ.

ಬೇಕಾಗುವ ಸಾಮಾನು (ನಾಲ್ಕೈದು ಜನರಿಗೆ)

ಪಕ್ಕೆಲುಬು 1 ಕಿಲೋ, ಎರಡು ಅಂಗುಲದ ತುಂಡುಗಳಾಗಿ ಕಡಿಸಿದ್ದು.

ಸವರಿಡಲು: ಅರಿಶಿನ ಪುಡಿ ಅರ್ಧ ಚಹಾ ಚಮಚ, ಅಚ್ಚಖಾರದ ಪುಡಿ 2 ಚಹಾ ಚಮಚ, ಉಪ್ಪು 2 ಚಹಾ ಚಮಚ.

ತರಿಯಾಗಿ ಜಜ್ಜಿಕೊಳ್ಳಲು: ಈರುಳ್ಳಿ 3, ಬೆಳ್ಳುಳ್ಳಿ 12 ರಿಂದ 15 ಎಸಳು, ಶುಂಠಿ ಎರಡು ಅಂಗುಲ, ಹಸಿಮೆಣಸು 4 ಅಥವಾ 5, ಕರಿಬೇವು ಎರಡು ಕಡ್ಡಿ.

ಕಪ್ಪು ಮಸಾಲೆಗೆ: ಕೊತ್ತಂಬರಿ ಬೀಜ 2 ಊಟದ ಚಮಚ, ಕಾಳುಮೆಣಸು 1 ಊಟದ ಚಮಚ, ಜೀರಿಗೆ 2 ಚಹಾ ಚಮಚ, ಸಾಸಿವೆ 1 ಚಹಾ ಚಮಚ, ಮೆಂತ್ಯ ಕಾಲು ಚಹಾ ಚಮಚ.

ಕಡೆಗೆ: ಕಾಚಂಪುಳಿ 1 ಊಟದ ಚಮಚ, ರುಚಿ ನೋಡಿ ಇನ್ನರ್ಧ.

ಮಾಡುವ ಕ್ರಮ

1. ಪಕ್ಕೆ ತುಂಡುಗಳನ್ನು ತೊಳೆದು ನೀರು ಬಸಿದು, ಅರಿಶಿನ, ಖಾರ, ಉಪ್ಪು ಸವರಿ ಅರ್ಧ ಗಂಟೆ ಇಡಬೇಕು. ಉಪ್ಪು ಒಳಕ್ಕೆ ಇಳಿಯಲು ಇಷ್ಟು ಸಮಯ ಬೇಕು.

2. ಕಪ್ಪು ಮಸಾಲೆಯ ಸಾಮಾನನ್ನು ಎಣ್ಣೆ ಹಾಕದೆ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೊದಲು ಕೊತ್ತಂಬರಿ, ನಂತರ ಮೆಣಸು, ಕಡೆಯಲ್ಲಿ ಜೀರಿಗೆ, ಸಾಸಿವೆ, ಮೆಂತ್ಯ. ಸಣ್ಣ ಕಾಳು ಬೇಗ ಸೀಯುವುದರಿಂದ ಈ ಅನುಕ್ರಮ. ಹುರಿದ ಬಣ್ಣ ಎಷ್ಟಿರಬೇಕೆಂದರೆ, ಫಿಲ್ಟರ್ ಕಾಫಿಗೆ ಹುರಿದ ಬೀಜದಷ್ಟು. ಕಾಫಿಬೀಜ ಹುರಿಯುವಾಗ ಕಂದು ಬಣ್ಣವೂ ಪರಿಮಳವೂ ಹುಟ್ಟುವ ಕ್ರಿಯೆಯೇ ಇಲ್ಲಿಯೂ ನಡೆಯುತ್ತದೆ. ಬಣ್ಣ ಬಂದ ತಕ್ಷಣ ಬಾಣಲೆಯಿಂದ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲಿಯೇ ಬಿಟ್ಟರೆ ಅದರ ಬಿಸಿಗೆ ಇನ್ನೂ ಹುರಿದು ಕಹಿಯಾಗುತ್ತದೆ. ತಣಿದ ಮೇಲೆ ನುಣ್ಣಗೆ ಪುಡಿ ಮಾಡಬೇಕು.

3. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವು ಹಾಕಿ ಹಸಿವಾಸನೆ ಹೋಗುವವರೆಗೆ ಬಾಡಿಸಬೇಕು. ಎಣ್ಣೆ ಹೆಚ್ಚು ಬೇಡ. ಪಕ್ಕೆಯೇ ಬೇಕಾದಷ್ಟು ಕೊಬ್ಬು ಬಿಡುತ್ತದೆ.

4. ಪಕ್ಕೆ ತುಂಡುಗಳನ್ನು ಹಾಕಿ, ಮಧ್ಯಮ ಉರಿಯಲ್ಲಿ ತಿರುವುತ್ತಾ ಸುಮಾರು ಹದಿನೈದು ನಿಮಿಷ ಬಾಡಿಸಬೇಕು. ಮಾಂಸ ಮೊದಲು ನೀರು ಬಿಡುತ್ತದೆ. ಆ ನೀರು ಇಂಗಿ, ಕೊಬ್ಬು ಹೊರಬಂದು ತುಂಡುಗಳ ಅಂಚು ಕೆಂಪಾಗಬೇಕು. ನೀರಿರುವವರೆಗೆ ಮಾಂಸಕ್ಕೆ ಬಣ್ಣ ಬಾರದು, ಬಣ್ಣ ಬಾರದೆ ರುಚಿ ಬಾರದು. ಆತುರಪಡುವವರ ಅಡುಗೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿಯೇ.

5. ಒಂದೂವರೆ ಲೋಟ ಬಿಸಿನೀರು ಹೊಯ್ದು ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ ಬೇಯಿಸಬೇಕು. ನೀರು ತುಂಡುಗಳನ್ನು ಮುಳುಗಿಸುವಷ್ಟು ಬೇಡ, ಅರ್ಧಕ್ಕೆ ಬಂದರೆ ಸಾಕು. ಮೇಲಿನ ಭಾಗ ಹಬೆಯಲ್ಲಿ ಬೇಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತೆರೆದು ತಿರುವಿ, ತಳ ಹತ್ತುವಂತಿದ್ದರೆ ಸ್ವಲ್ಪ ಬಿಸಿನೀರು ಸೇರಿಸಬೇಕು. ಮಾಂಸ ಮೂಳೆಯ ತುದಿಯಿಂದ ಹಿಂದಕ್ಕೆ ಸರಿದು, ಮೂಳೆಯನ್ನು ಹಿಡಿದು ತಿರುಚಿದರೆ ಸಡಿಲವಾಗಿ ತಿರುಗಬೇಕು. ಆಗ ಬೆಂದಿತೆಂದು ಅರ್ಥ.

6. ಆಮೇಲೆ ಕಪ್ಪು ಮಸಾಲೆಯ ಪುಡಿ ಹಾಕಿ, ಮುಚ್ಚಳ ತೆರೆದು ಹತ್ತು ನಿಮಿಷ ಕುದಿಸಬೇಕು. ಕಾಳುಮೆಣಸಿನ ಪರಿಮಳ ಹಬೆಯಲ್ಲಿ ಹಾರಿಹೋಗುವಂಥದ್ದು. ಮೊದಲೇ ಹಾಕಿದರೆ ಅಡುಗೆಮನೆ ಘಮಘಮಿಸುತ್ತದೆ, ಊಟದ ಎಲೆಗೆ ಖಾರ ಮಾತ್ರ ಉಳಿಯುತ್ತದೆ.

7. ಕಡೆಯಲ್ಲಿ ಕಾಚಂಪುಳಿ ಹಾಕಿ ಕಲಕಿ, ಐದು ನಿಮಿಷ ಕುದಿಸಿ ಇಳಿಸಬೇಕು. ಅರ್ಧ ಗಂಟೆ ಮುಚ್ಚಿಟ್ಟು, ಮೇಲೆ ತೇಲಿದ ಕೊಬ್ಬನ್ನು ಸೌಟಿನಿಂದ ತೆಗೆಯಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಬಡಿಸುವುದಿದ್ದರೆ ಇದನ್ನು ಬಿಡಬಾರದು. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಹಪ್ಪಳದಂತೆ ಮೇಲೆ ಗಟ್ಟಿಯಾಗುತ್ತದೆ, ಎತ್ತಿ ಹಾಕುವುದು ಸುಲಭ.

ಕುಕ್ಕರಿನಲ್ಲಿ ಮಾಡುವವರು ನಾಲ್ಕನೆಯ ಹಂತದವರೆಗೆ ತೆರೆದೇ ಬಾಡಿಸಿ, ಮುಕ್ಕಾಲು ಲೋಟ ನೀರು ಹಾಕಿ, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಇಡಬಹುದು. ಒತ್ತಡದಿಂದ ಒಳಗಿನ ಶಾಖ 115 ಡಿಗ್ರಿಗೂ ಮೇಲೆ ಹೋಗುವುದರಿಂದ ಬೇಗ ಬೇಯುತ್ತದೆ, ಬೆಟ್ಟದ ಎತ್ತರವೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಮಸಾಲೆ ಪುಡಿ ಮತ್ತು ಹುಳಿಯನ್ನು ಮಾತ್ರ ಮುಚ್ಚಳ ತೆಗೆದ ನಂತರವೇ ಹಾಕತಕ್ಕದ್ದು.

ಜೊತೆಗೆ ಕಡಂಬುಟ್ಟು, ಅಕ್ಕಿ ರೊಟ್ಟಿ ಅಥವಾ ನೂಪುಟ್ಟು ಇದ್ದರೆ ಸರಿಯಾದ ಜೋಡಿ. ಗಸಿ ಗಟ್ಟಿಯಾಗಿ, ಕಪ್ಪಗೆ, ತುಂಡಿಗೆ ಅಂಟಿಕೊಂಡಿರಬೇಕು. ಅನ್ನಕ್ಕೆ ಕಲಸುವ ಸಾರಿನಂತಾಗಬಾರದು.

ಹುಳಿಯನ್ನು ಕಡೆಯಲ್ಲಿ ಹಾಕುವುದೇಕೆ?

ಹುಳಿ ಇದ್ದಲ್ಲಿ ಈರುಳ್ಳಿ ಬೇಗ ಕರಗುವುದಿಲ್ಲ, ಗಸಿ ಮಂದವಾಗುವುದಿಲ್ಲ. ಮತ್ತೊಂದು, ನೀರು ಇಂಗಿದಂತೆ ಹುಳಿ ಬಲವಾಗುತ್ತಾ ಹೋಗುತ್ತದೆ. ಮೊದಲೇ ಅಳೆದು ಹಾಕಿದವರಿಗೆ ಕೊನೆಯ ರುಚಿ ತಿಳಿಯದು. ಕಡೆಯಲ್ಲಿ ಹಾಕಿದರೆ ನಾಲಿಗೆಯೇ ಅಳತೆ. ಹುಳಿ ಹಾಕಿದ ಅಡುಗೆಯನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿಯೂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿಯೂ ಇಡಬಾರದು. ಲೋಹ ಕರಗಿ ಅಡುಗೆಗೆ ಇಳಿಯುತ್ತದೆ. ಮಣ್ಣಿನ ಪಾತ್ರೆ ಅಥವಾ ಸ್ಟೀಲ್ ಉತ್ತಮ.

ಕಾಚಂಪುಳಿ ಮತ್ತು ನಮ್ಮ ತೋಟದ ಮರ

ಕಾಚಂಪುಳಿ ಬರುವುದು ಕೊಡಗಿನವರು ಪಣಪುಳಿ ಎನ್ನುವ ಹಣ್ಣಿನಿಂದ. ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಇದೇ ಉಪ್ಪಾಗೆ. ಕೇರಳದವರು ಮೀನುಸಾರಿಗೆ ಹಾಕುವ ಕುಡಂಪುಳಿಯೂ ಇದೇ ಮರದ್ದು. ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗಮ್ಮಿ-ಗಟ್ಟ. ಕೆಂಪು ಹಣ್ಣಿನ ಪುನರ್ಪುಳಿ ಅಥವಾ ಮುರುಗಲು ಇದರ ದಾಯಾದಿ, ಆದರೆ ಬೇರೆ ಮರ.

ಮಳೆಗಾಲದಲ್ಲಿ ಹಳದಿಯಾಗಿ ಮಾಗಿ ಉದುರಿದ ಹಣ್ಣನ್ನು ಆಯ್ದು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆಯಿಟ್ಟರೆ ಹಣ್ಣು ಮೆತ್ತಗಾಗಿ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ಸಣ್ಣ ಉರಿಯಲ್ಲಿ ಕಪ್ಪಗೆ ಮಂದವಾಗುವವರೆಗೆ ಕಾಯಿಸಿದರೆ ಕಾಚಂಪುಳಿ. ಬುಟ್ಟಿಗಟ್ಟಲೆ ಹಣ್ಣಿಗೆ ಬರುವುದು ಸ್ವಲ್ಪವೇ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮಾಂಸ ತಿನ್ನದ ಮನೆಗಳಲ್ಲಿಯೂ ಉಪ್ಪಾಗೆಯ ಒಣಸಿಪ್ಪೆ ಹುಳಿಗಾಗುತ್ತದೆ, ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಗೆ ಆಗುತ್ತದೆ.

ಇಷ್ಟು ಶ್ರಮದ ವಸ್ತುವಾದುದರಿಂದ ನಕಲಿಯೂ ಬರುತ್ತದೆ. ಪೇಟೆಯ ಅಂಗಡಿಯೊಂದರಿಂದ ಕಾಚಂಪುಳಿ ಎಂದು ನಾನು ತಂದ ಒಂದು ಬಾಟಲಿಯಲ್ಲಿದ್ದುದು ಬಣ್ಣ ಕಟ್ಟಿದ ವಿನಿಗರ್. ಪರೀಕ್ಷೆ ಸುಲಭ. ನಿಜವಾದದ್ದು ಚಮಚಕ್ಕೆ ಅಂಟಿ ನಿಧಾನವಾಗಿ ಇಳಿಯುತ್ತದೆ, ಹಣ್ಣಿನ ಮತ್ತು ಹೊಗೆಯ ವಾಸನೆ ಇರುತ್ತದೆ. ವಿನಿಗರ್ ನೀರಿನಂತೆ ಸುರಿಯುತ್ತದೆ. ಬಿಸಿ ಮಾಡಿದರೆ ಅದರ ಆವಿ ಮೂಗನ್ನು ಚುಚ್ಚುತ್ತದೆ. ವಿನಿಗರ್‌ನ ಆಮ್ಲ ಆವಿಯಾಗಿ ಹೋಗುವಂಥದ್ದು, ಈ ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹಾಗೆ ಹಾರಿಹೋಗುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಇದೇ ಆಮ್ಲ ತೂಕ ಇಳಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಹೊರದೇಶಗಳಿಂದ ಬೇಡಿಕೆ ಬಂದಿತು. ಮಾಗುವ ಮೊದಲೇ ಕಾಯಿ ಕೀಳುವುದು, ಕೊಂಬೆ ಕಡಿಯುವುದು ಕಾಡಿನಲ್ಲಿ ನಡೆಯಿತು. 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ 12 ವಾರಗಳ ಪರೀಕ್ಷೆಯಲ್ಲಿ ಈ ಮದ್ದು ತಿಂದವರಿಗೂ ಬರಿಯ ಹುಸಿ ಗುಳಿಗೆ ತಿಂದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಪೇಟೆಯ ಬೇಡಿಕೆ ಏರುತ್ತದೆ, ಇಳಿಯುತ್ತದೆ. ಕಡಿದ ಮರ ಬೇಗ ಬರುವುದಿಲ್ಲ. ಬೀಜದ ಸಸಿ ಕಾಯಿ ಬಿಡಲು ಹತ್ತು ವರ್ಷವಾದರೂ ಬೇಕು. ಅದರಲ್ಲಿಯೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಆದ್ದರಿಂದ ನೆರಳು ಕಪಾತು ಮಾಡಿಸುವಾಗ ಕಾಯಿ ಬಿಡುವ ಉಪ್ಪಾಗೆ ಮರಕ್ಕೆ ಸುಣ್ಣದ ಗುರುತು ಹಾಕಿಸಿ ಉಳಿಸಿಕೊಳ್ಳಬೇಕು. ಹೊಸದಾಗಿ ನೆಡುವವರು ಹೆಣ್ಣು ಮರದ ಕಸಿ ಗಿಡವನ್ನೇ ಕೇಳಿ ತರಬೇಕು.

ಲಾಡಿಹುಳುವಿನ ವಿಷಯ: ದಯವಿಟ್ಟು ಎರಡು ಸಲ ಓದಿ

ಅರೆಬೆಂದ ಹಂದಿಮಾಂಸ ತಿಂದರೆ ಮೂರ್ಛೆರೋಗ ಬರುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಇದರಲ್ಲಿ ಅರ್ಧ ಮಾತ್ರ ಸತ್ಯ, ಉಳಿದರ್ಧ ತಿಳಿಯದಿದ್ದರೆ ಅಪಾಯ.

ಅರೆಬೆಂದ ಮಾಂಸದಲ್ಲಿರುವ ಮರಿಹುಳು ಮನುಷ್ಯನ ಕರುಳಿಗೆ ಹೋದರೆ ಅಲ್ಲಿ ಉದ್ದನೆಯ ಲಾಡಿಹುಳುವಾಗಿ ಬೆಳೆಯುತ್ತದೆ. ಹಾಗೆ ಹುಳುವಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆಗಳು ತೊಳೆಯದ ಕೈ, ಹಸಿ ಸೊಪ್ಪು, ನೀರಿನ ಮೂಲಕ ಯಾರದಾದರೂ ಹೊಟ್ಟೆಗೆ ಹೋದರೆ, ಮರಿಗಳು ರಕ್ತದೊಡನೆ ಸಾಗಿ ಮಿದುಳಿನಲ್ಲಿ ಗುಳ್ಳೆಯಾಗಿ ಕೂರಬಹುದು. ಮೂರ್ಛೆ ಬರುವುದು ಆಗ. ಅಂದರೆ, ಜೀವನದಲ್ಲಿ ಹಂದಿಮಾಂಸವನ್ನೇ ಮುಟ್ಟದವರಿಗೂ ಈ ಕಾಯಿಲೆ ಬರಬಹುದು. ಹುಳುವಿರುವ ಮನುಷ್ಯನ ಮಲದಿಂದ ಬರುವ ಕಾಯಿಲೆ ಇದು.

ಹಂದಿಗೆ ಈ ಹುಳು ಬರುವುದೂ ಬಯಲಿನಲ್ಲಿ ಬಿದ್ದ ಮನುಷ್ಯನ ಮಲವನ್ನು ತಿಂದು. ಹೀಗೆ ಈ ಸರಪಳಿಯನ್ನು ಕಡಿಯಲು ಮೂರು ಕಡೆ ಅವಕಾಶವಿದೆ.

ಅ) ಒಲೆಯ ಮೇಲೆ. ಮಾಂಸದ ಒಳಭಾಗ 63 ಡಿಗ್ರಿ ಮುಟ್ಟಿ, ಮೂರು ನಿಮಿಷವಾದರೂ ಹಾಗೆಯೇ ಇರಬೇಕೆಂಬುದು ಅಂಗೀಕೃತ ನಿಯಮ. ಮೇಲೆ ಹೇಳಿದಂತೆ ಒಂದು ಗಂಟೆಗೂ ಮಿಕ್ಕಿ ಬೇಯಿಸಿದ ಪಕ್ಕೆಗೆ ಈ ಭಯವಿಲ್ಲ. ಭಯವಿರುವುದು ಕೆಂಡದ ಮೇಲೆ ಮೇಲ್ಭಾಗ ಮಾತ್ರ ಸುಟ್ಟು ತಿನ್ನುವ ತುಂಡಿಗೆ. ಉಪ್ಪು, ಹುಳಿ, ಖಾರ, ಜೊತೆಗೆ ಕುಡಿಯುವ ಪಾನೀಯ, ಇವು ಯಾವುವೂ ಹುಳುವನ್ನು ಕೊಲ್ಲುತ್ತವೆಂದು ನಂಬಬಾರದು.

ಆ) ಅಡುಗೆಮನೆಯಲ್ಲಿ. ಹಸಿಮಾಂಸ ಕತ್ತರಿಸಿದ ಹಲಗೆ, ಚಾಕು, ಕೈ ಇವನ್ನು ಸಾಬೂನಿನಿಂದ ತೊಳೆಯದೆ ಸೌತೆಕಾಯಿ, ಸೊಪ್ಪು ಮುಟ್ಟಬಾರದು.

ಇ) ಲೈನ್‌ಮನೆಯಲ್ಲಿ. ಪ್ರತಿಯೊಂದು ಕುಟುಂಬಕ್ಕೂ ನೀರಿರುವ ಶೌಚಾಲಯ, ಕೈ ತೊಳೆಯಲು ಸಾಬೂನು. ಕಣ ಕಟ್ಟಿಸಲು ಹಣವಿರುವ ತೋಟದಲ್ಲಿ ಶೌಚಾಲಯಕ್ಕೆ ಹಣವಿಲ್ಲ ಎನ್ನುವುದು ಒಪ್ಪತಕ್ಕ ಮಾತಲ್ಲ. ಕೆಲಸದವರು ತೊಟ್ಟಿಯ ನೀರಿನಲ್ಲಿ ತೊಳೆದ ಸೊಪ್ಪು ನಮ್ಮ ಮನೆಯ ಅಡುಗೆಗೂ ಬರುತ್ತದೆ. ಮಲದಲ್ಲಿ ಬಿಳಿಯ ಚಪ್ಪಟೆ ತುಣುಕುಗಳು ಕಂಡವರನ್ನು ನಾಚಿಕೆಪಡದೆ ವೈದ್ಯರಲ್ಲಿಗೆ ಕಳುಹಿಸಬೇಕು. ಕರುಳಿನ ಹುಳುವಿಗೆ ಒಳ್ಳೆಯ ಮದ್ದಿದೆ. ಆದರೆ ಮೂರ್ಛೆ ಬರುವವರಿಗೆ ಅಂಗಡಿಯ ಹುಳುಮಾತ್ರೆ ತಾವೇ ಕೊಡಬಾರದು, ವೈದ್ಯರೇ ನೋಡಿ ಕೊಡಬೇಕು.

ಹಂದಿ ಸಾಕುವ ಸದಸ್ಯರಿಗೆ

ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಮೊದಲಿಗೆ ನಮ್ಮ ದೇಶಕ್ಕೆ ಬಂದಿತು. 2022ರಲ್ಲಿ ನಮ್ಮ ಪಕ್ಕದ ವಯನಾಡಿನಲ್ಲಿಯೂ ಕಾಣಿಸಿಕೊಂಡಿತು. ಇದು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಕೊಟ್ಟಿಗೆಯ ಹಂದಿಗಳನ್ನು ಸಾಲಾಗಿ ಕೊಲ್ಲುತ್ತದೆ, ಗುಣಪಡಿಸುವ ಔಷಧವಿಲ್ಲ. ರೋಗ ಹರಡುವ ದಾರಿಗಳಲ್ಲಿ ಅಡುಗೆಮನೆಯ ಎಂಜಲು ಒಂದು. ಆದ್ದರಿಂದ ಮಾಂಸ ತೊಳೆದ ನೀರು, ಮೂಳೆ, ಚರ್ಮದ ಚೂರು, ಹೋಟೆಲಿನ ಎಂಜಲು ಇವನ್ನು ಹಂದಿಯ ತೊಟ್ಟಿಗೆ ಹಸಿಯಾಗಿ ಹಾಕಲೇಬಾರದು. ಮಾಂಸದ ತ್ಯಾಜ್ಯವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಂದಿಗಳು ಒಂದರ ಹಿಂದೆ ಒಂದು ಮೇವು ಬಿಟ್ಟರೆ ಮಾರುವ ಆತುರ ಮಾಡದೆ ಪಶುವೈದ್ಯರಿಗೆ ತಿಳಿಸಬೇಕು. ಒಬ್ಬರು ಮುಚ್ಚಿಟ್ಟರೆ ಹೋಬಳಿಯ ಎಲ್ಲರ ಕೊಟ್ಟಿಗೆಯೂ ಖಾಲಿಯಾಗುತ್ತದೆ.

ಉಳಿದದ್ದನ್ನು ಇಡುವ ಬಗೆ

ಹುಳಿ, ಉಪ್ಪು, ಮೇಲಿನ ಕೊಬ್ಬಿನ ಪದರ ಇವುಗಳಿಂದ ಈ ಅಡುಗೆ ಬೇರೆ ಮಾಂಸದ ಅಡುಗೆಗಿಂತ ಹೆಚ್ಚು ಬಾಳುತ್ತದೆ, ಮರುದಿನ ರುಚಿಯೂ ಹೆಚ್ಚು. ಆದರೆ ಹೊರಗೇ ಇಡಬಹುದೆಂದಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಬೇಕು. ಬೇಕಾದಷ್ಟನ್ನು ಮಾತ್ರ ತೆಗೆದು, ಅದು ಚೆನ್ನಾಗಿ ಕುದಿ ಬರುವವರೆಗೆ ಬಿಸಿ ಮಾಡಬೇಕು. ಗಾಳಿಮಳೆಗೆ ದಿನಗಟ್ಟಲೆ ವಿದ್ಯುತ್ ಹೋಗುವ ನಮ್ಮ ಕಡೆ, ಜೂನ್‌ನಿಂದ ಆಗಸ್ಟ್‌ವರೆಗೆ ಆ ದಿನಕ್ಕೆ ಬೇಕಾದಷ್ಟನ್ನೇ ಮಾಡುವುದು ಬುದ್ಧಿವಂತಿಕೆ.

ಉಪ್ಪಾಗೆ ಕಸಿ ಗಿಡ ಬೇಕಾದ ಸದಸ್ಯರು ಮಳೆ ಹಿಡಿಯುವ ಮೊದಲು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಒಟ್ಟಾಗಿ ತರಿಸುವ ಪ್ರಯತ್ನ ಮಾಡಬಹುದು. ಮನೆಯಲ್ಲಿ ಕಾಚಂಪುಳಿ ಕಾಯಿಸುವ ಹಿರಿಯರಿದ್ದರೆ, ಈ ಮಳೆಗಾಲದಲ್ಲಿ ಅವರ ಪಕ್ಕದಲ್ಲಿ ಒಬ್ಬ ಮಗನನ್ನೋ ಸೊಸೆಯನ್ನೋ ಕೂರಿಸಿ ಕಲಿಸಿರಿ. ಎಷ್ಟು ಮಂದವಾದಾಗ ಇಳಿಸಬೇಕೆಂಬುದನ್ನು ಬರೆದು ತಿಳಿಸಲಾಗುವುದಿಲ್ಲ, ಕಣ್ಣಿನಿಂದಲೇ ನೋಡಿ ಕಲಿಯಬೇಕು.

— ಕಾರ್ಯದರ್ಶಿ